ಶೇಂಗಾ ಹೊಲಕ್ಕೆ ಯಾವ ಬೋರಿನ ಬಂದೂಕು?

ಶೇಂಗಾ ಮೊಳಕೆ ಒಡೆಯುವ ಹೊತ್ತಿಗೆ ಚಳ್ಳಕೆರೆ ಸೀಮೆಯಿಂದ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಸುರುಳಿಪೂಚಿ, ಜಿಪ್ಸಂ, ಬೀಜೋಪಚಾರ ಎಲ್ಲ ಹಿಂದೆ ಸರಿದು ಬಂದೂಕು ಮುಂದೆ ಬರುತ್ತದೆ. ಈ ಸಲ ಮೊಳಕಾಲ್ಮೂರಿನಿಂದಲೂ ಬಂದಿವೆ, ಅಮೆರಿಕದಿಂದಲೂ ಒಂದು ಬಂದಿದೆ. ಬರೆದವರ ಹೆಸರು ಹಾಕಿಲ್ಲ. ಯಾಕೆಂದು ಓದುತ್ತ ಹೋದರೆ ನಿಮಗೇ ಗೊತ್ತಾಗುತ್ತದೆ.

ಪ್ರಶ್ನೆ: ನಾಲ್ಕು ಎಕರೆ ಶೇಂಗಾ ಹಾಕಿದ್ದೇನೆ. ಹಗಲು ಜಿಂಕೆ ಹಿಂಡು, ರಾತ್ರಿ ಹಂದಿ. ಮಿಲಿಟ್ರಿಯಲ್ಲಿದ್ದು ಬಂದ ನಮ್ಮ ಸಂಬಂಧಿಕರೊಬ್ಬರು ".315 ರೈಫಲ್ ತಗೋ, ಜಿಂಕೆಗೂ ಆಗುತ್ತೆ, ಹಂದಿಗೂ ಆಗುತ್ತೆ" ಅಂತಾರೆ. ಇನ್ನೊಬ್ಬರು .30-06 ಒಳ್ಳೇದು ಅಂತಾರೆ. ಎರಡರಲ್ಲಿ ಯಾವುದು ತಗೊಳ್ಳಲಿ? ಲೈಸೆನ್ಸಿಗೆ ಎಲ್ಲಿ ಅರ್ಜಿ ಹಾಕಬೇಕು? — ರೈತ, ತಳಕು ಹೋಬಳಿ, ಚಳ್ಳಕೆರೆ ತಾಲ್ಲೂಕು

ಉತ್ತರ: ಎರಡೂ ಬೇಡ. ನಿಮಗೆ ಸಿಗುವುದೂ ಇಲ್ಲ, ಸಿಕ್ಕರೂ ಪ್ರಯೋಜನವಿಲ್ಲ.

ಮೊದಲು ಪ್ರಾಣಿಯ ವಿಚಾರ. ನಿಮ್ಮ ಹೊಲಕ್ಕೆ ಬರುವುದು ಕೃಷ್ಣಮೃಗ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗಿನಿಂದ ಅದು ಮೊದಲನೇ ಪಟ್ಟಿಯಲ್ಲಿದೆ, ಹುಲಿ ಚಿರತೆಗಳ ಸಾಲಿನಲ್ಲಿ. ಮೊದಲನೇ ಪಟ್ಟಿಯ ಪ್ರಾಣಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರು ಅನುಮತಿ ಕೊಡಬೇಕಾದರೆ ಅದು ಮನುಷ್ಯನ ಜೀವಕ್ಕೇ ಅಪಾಯವಾಗಿರಬೇಕು, ಇಲ್ಲವೇ ವಾಸಿಯಾಗದಷ್ಟು ಗಾಯವೋ ರೋಗವೋ ಆಗಿರಬೇಕು. ಬೆಳೆ ತಿಂದದ್ದು ಆ ಕಾರಣಗಳಲ್ಲಿ ಸೇರಿಲ್ಲ. ಹೊಡೆದರೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು. 2022ರ ತಿದ್ದುಪಡಿಯಾದ ಮೇಲೆ ದಂಡ ₹25,000ಕ್ಕೆ ಕಡಿಮೆಯಿಲ್ಲ. ಬಂದೂಕೂ ಹೋಗುತ್ತದೆ, ಮಾಂಸ ಸಾಗಿಸಿದ ಬೈಕೂ ಹೋಗುತ್ತದೆ.

ಹಂದಿಯ ಮಾತು ಬೇರೆ. ಅದು ಎರಡನೇ ಪಟ್ಟಿಯಲ್ಲಿದೆ. ನಿಂತ ಬೆಳೆಗೆ ಹಾನಿ ಮಾಡಿದರೆ ಕೊಲ್ಲಲು ಅನುಮತಿ ಕೊಡುವ ಅವಕಾಶ ಅದೇ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿದೆ. ಆದರೆ ಆ ಅನುಮತಿ ಅಧಿಕಾರವುಳ್ಳ ಅರಣ್ಯಾಧಿಕಾರಿಯಿಂದ, ಕಾರಣ ನಮೂದಿಸಿ, ಬರಹದಲ್ಲಿ ಬರಬೇಕು. "ಗಾರ್ಡ್ ಫೋನಲ್ಲಿ ಹೂಂ ಅಂದ್ರು" ಎಂಬುದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಹೊಡೆದ ಹಂದಿಯೂ ನಿಮ್ಮದಲ್ಲ, ಸರ್ಕಾರದ ಸ್ವತ್ತು.

ಇನ್ನು ಬಂದೂಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಬೆಳೆ ರಕ್ಷಣೆಗೆಂದು ಹೆಸರಿಸಿರುವುದು ಬಾಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದು ಎಂದು ಜಿಲ್ಲಾಧಿಕಾರಿಗೆ ಮನವರಿಕೆಯಾದರೆ ನಯವಾದ ನಳಿಗೆಯ ಬೇರೆ ಕೋವಿ, ಅಂದರೆ ನೀವು ನೋಡಿರುವ 12 ಬೋರಿನಂಥದ್ದು, ಕೊಡಬಹುದು. ಆ ಮಾತಿನಲ್ಲಿ ರೈಫಲ್ ಎಲ್ಲೂ ಬರುವುದಿಲ್ಲ. ಅರ್ಜಿಯಲ್ಲಿ "ಬೆಳೆ ರಕ್ಷಣೆಗಾಗಿ" ಎಂದು ಬರೆದು ಕೆಳಗೆ .30-06 ಕೇಳಿದರೆ ಚಿತ್ರದುರ್ಗದ ಡಿಸಿ ಕಚೇರಿಯ ಗುಮಾಸ್ತರು ಅದನ್ನು ಓದಿ ನಗುತ್ತಾರೆ.

ಕಾಯ್ದೆ ಹೀಗೇಕೆ ಎಂದು ಕೇಳಬಹುದು. ನಿಮ್ಮ ನೆಲ ನೋಡಿದರೆ ತಿಳಿಯುತ್ತದೆ. ರೈಫಲ್ ನಳಿಗೆಯ ಒಳಗೆ ಸುರುಳಿ ಗೀರುಗಳಿರುತ್ತವೆ. ಅವು ಗುಂಡನ್ನು ಬುಗುರಿಯಂತೆ ತಿರುಗಿಸಿ ಬಿಡುವುದರಿಂದ ಅದು ನೇರ ಹೋಗುತ್ತದೆ, ಬಹಳ ದೂರ ಹೋಗುತ್ತದೆ. .30-06ರ ಸಾಮಾನ್ಯ ಗುಂಡು ಸುಮಾರು 11.7 ಗ್ರಾಂ ತೂಗುತ್ತದೆ, ಸೆಕೆಂಡಿಗೆ 820 ಮೀಟರ್ ವೇಗದಲ್ಲಿ ಹೊರಬೀಳುತ್ತದೆ. ಹಂದಿಯ ಮೈ ಹೊಕ್ಕು ಆ ಕಡೆ ಬಂದ ಮೇಲೂ ಅದಕ್ಕೆ ಕೊಲ್ಲುವ ಕಸುವಿರುತ್ತದೆ. ಪುಟ್ಟ .22 ತೋಟಾದ ಪೆಟ್ಟಿಗೆಯ ಮೇಲೇ ಒಂದೂವರೆ ಮೈಲಿವರೆಗೆ ಅಪಾಯ ಎಂದು ಎಚ್ಚರಿಕೆ ಅಚ್ಚಾಗಿರುತ್ತದೆ. ತಳಕಿನ ಕಡೆಯ ಬಯಲಲ್ಲಿ ನಿಮ್ಮ ಬದುವಿನಿಂದ ಮುಂದಿನ ಹಟ್ಟಿಯವರೆಗೆ ಗುಂಡು ತಡೆಯಲು ಬಳ್ಳಾರಿ ಜಾಲಿ ಬಿಟ್ಟರೆ ಏನಿದೆ? ಅಮೆರಿಕದಲ್ಲಿ ಎಷ್ಟೋ ಬೇಟೆಗಾರರು ಮರದ ಮೇಲೆ ಅಟ್ಟಣೆ ಕಟ್ಟಿ ಕೂರುತ್ತಾರೆ. ಅಲ್ಲಿಂದ ಹೊಡೆದ ಗುಂಡು ತಪ್ಪಿದರೂ ಕೆಳಗಿನ ಮಣ್ಣಿಗೇ ಇಳಿಯುತ್ತದೆ. ನೀವು ಬದುವಿನ ಮೇಲೆ ಕೂತು ಹೊಡೆದದ್ದು ನೆಲಕ್ಕೆ ಸಮನಾಗಿ ಹೋಗುತ್ತದೆ.

ರಾತ್ರಿಯ ಇನ್ನೊಂದು ಸಂಗತಿ. ಟಾರ್ಚ್ ಬಿಟ್ಟಾಗ ಹಸಿರಾಗಿ ಹೊಳೆಯುವ ಕಣ್ಣು ಕುರಿಯದು, ದನದ್ದು, ನಾಯಿಯದು, ಜಿಂಕೆಯದು. ಬೆಳಕನ್ನು ತಿರುಗಿ ಎಸೆಯುವ ಪದರ ಅವುಗಳ ಕಣ್ಣಿನ ಹಿಂದೆ ಇರುತ್ತದೆ, ಹಂದಿಯ ಕಣ್ಣಿನಲ್ಲಿ ಇರುವುದಿಲ್ಲ. ಹಾಗಾಗಿ ಹಂದಿ ಕಣ್ಣು ಮಿಂಚಿಸಿ ಗುರುತು ಕೊಡುವ ಪ್ರಾಣಿಯಲ್ಲ. ಹೊಳೆಯುವ ಕಣ್ಣಿಗೆ ಗುರಿಯಿಟ್ಟವನು ಪಕ್ಕದ ಹೊಲದಲ್ಲಿ ಗೊಬ್ಬರಕ್ಕೆಂದು ತರುಬಿದ ಕುರಿಮಂದೆಗೆ ಹೊಡೆಯುತ್ತಾನೆ. ಆ ಮಂದೆಯ ನಡುವೆ ಕಂಬಳಿ ಹೊದ್ದು ಮಲಗಿದ ಮನುಷ್ಯನೂ ಇರುತ್ತಾನೆ.

ಹಾಗಾದರೆ ಬೆಳೆ? ಕೃಷ್ಣಮೃಗ ಎಷ್ಟು ಚೆನ್ನಾಗಿ ನೆಗೆಯುವ ಪ್ರಾಣಿಯಾದರೂ ಬೇಲಿ ಎದುರಾದಾಗ ಹೆಚ್ಚಾಗಿ ಕೆಳಗಿನಿಂದ ನುಸುಳುತ್ತದೆ. ಸೋಲಾರ್ ಬೇಲಿ ಹಾಕಿಸುವವರು ಎತ್ತರಕ್ಕೆ ದುಡ್ಡು ಸುರಿದು ಕೆಳಗಿನ ತಂತಿಯನ್ನು ಮೊಣಕಾಲ ಮಟ್ಟಕ್ಕೆ ಬಿಡುತ್ತಾರೆ. ಅದನ್ನು ಗೇಣು, ಒಂದೂವರೆ ಗೇಣಿನ ಎತ್ತರಕ್ಕೆ ಇಳಿಸಿ. ಹಂದಿಗೂ ಅದೇ ತಂತಿ ಬೇಕು, ಅದು ಮೂತಿ ಇಟ್ಟುಕೊಂಡೇ ಬರುತ್ತದೆ. ತಂತಿಯ ಕೆಳಗೆ ಹುಲ್ಲು ಬೆಳೆದರೆ ಕರೆಂಟು ನೆಲಕ್ಕೆ ಇಳಿದು ಬೇಲಿ ಸಪ್ಪೆಯಾಗುತ್ತದೆ, ಹುಲ್ಲು ಕೀಳುತ್ತಿರಿ. ಹಳೇ ಸೀರೆ ಸುತ್ತುವುದು ಮೊಳಕೆಯ ದಿನಗಳಿಗೆ ಸಾಕಾಗುತ್ತದೆ, ಕಾಯಿ ಕಟ್ಟುವ ಹೊತ್ತಿಗೆ ಹಂದಿ ಸೀರೆಗೆ ಹೆದರುವುದನ್ನು ಬಿಟ್ಟಿರುತ್ತದೆ. ಹಾನಿಯಾದರೆ ತಡಮಾಡದೆ ಫೋಟೊ ತೆಗೆದು ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಸಮೇತ ವಲಯ ಅರಣ್ಯಾಧಿಕಾರಿ ಕಚೇರಿಗೆ ಪರಿಹಾರದ ಅರ್ಜಿ ಕೊಡಿ.

ನಿಮ್ಮ ಸಿಟ್ಟಿಗೆ ಕಾರಣವಿಲ್ಲ ಎಂದು ನಾನು ಹೇಳುವುದಿಲ್ಲ. ಕೃಷ್ಣಮೃಗಕ್ಕೆಂದು ರಾಣೆಬೆನ್ನೂರಿನಲ್ಲಿ 1974ರಲ್ಲೇ ಅಭಯಾರಣ್ಯ ಆಯಿತು, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 2007ರಲ್ಲಿ ಜಯಮಂಗಲಿ ಮೀಸಲು ಪ್ರದೇಶ ಆಯಿತು. ಚಳ್ಳಕೆರೆಯಲ್ಲಿ ಅದು ಬದುಕಿದ್ದು ಅಮೃತಮಹಲ್ ಕಾವಲಿನ ಹುಲ್ಲಿನಲ್ಲಿ. ಕುದಾಪುರದ ಸುತ್ತ ಐಐಎಸ್‌ಸಿಗೆ 1,500 ಎಕರೆ ಹೋಯಿತು, ಡಿಆರ್‌ಡಿಒಗೆ ನಾಲ್ಕು ಸಾವಿರ ಎಕರೆಗೂ ಮೀರಿ ಹೋಯಿತು, ಅಣುಶಕ್ತಿಯವರು ಮತ್ತು ಇಸ್ರೊದವರದು ಬೇರೆ. ಕಾಂಪೌಂಡ್ ಎದ್ದ ಮೇಲೆ ಹಿಂಡು ಎಲ್ಲಿಗೆ ಹೋಗಬೇಕು? ನಿಮ್ಮ ಹೊಲಕ್ಕೆ. ಈ ಲೆಕ್ಕವನ್ನು ಸರ್ಕಾರದ ಜೊತೆ ಕೇಳಿ ಚುಕ್ತಾ ಮಾಡಿಕೊಳ್ಳಬೇಕೇ ಹೊರತು ಜಿಂಕೆಯ ಜೊತೆಗಲ್ಲ.

ಪ್ರಶ್ನೆ: ನಾನು ಚಳ್ಳಕೆರೆಯವನು. ಈಗ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಎಚ್-1ಬಿ ವೀಸಾ ಮೇಲೆ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಆಫೀಸಿನ ಗೆಳೆಯರು ಈ ಚಳಿಗಾಲ ಜಿಂಕೆ ಬೇಟೆಗೆ, ಮುಂದಿನ ವರ್ಷ ಕೊಲರಾಡೊದಲ್ಲಿ ಎಲ್ಕ್ ಬೇಟೆಗೆ ಕರೆಯುತ್ತಿದ್ದಾರೆ. ಎರಡಕ್ಕೂ ಆಗುವ ಒಂದೇ ಕ್ಯಾಲಿಬರ್ ಯಾವುದು? ಇಲ್ಲಿನ ಒಂದು ರ‍್ಯಾಂಚ್‌ನಲ್ಲಿ ನಮ್ಮೂರ ಕೃಷ್ಣಮೃಗವನ್ನೇ ಕಂಡು ದಂಗಾದೆ. ಅದನ್ನೂ ಹೊಡೆಯಬಹುದಂತೆ, ನಿಜವೇ?

ಉತ್ತರ: ನಿಜ. ಟೆಕ್ಸಾಸ್‌ಗೆ ಕೃಷ್ಣಮೃಗ ಕಾಲಿಟ್ಟದ್ದು 1932ರಲ್ಲಿ. ಆಸ್ಟಿನ್‌ನ ಪಶ್ಚಿಮದ ಎಡ್ವರ್ಡ್ಸ್ ಪ್ರಸ್ಥಭೂಮಿಯ ಒಣ ಹವೆ ಅದಕ್ಕೆ ಒಗ್ಗಿತು. ಅಲ್ಲಿನ ಕಾನೂನಿಗೆ ಅದು ಹೊರಗಿನ ಪ್ರಾಣಿ, ಹಾಗಾಗಿ ಬೇಟೆಗೆ ಋತುವಿನ ಕಟ್ಟಿಲ್ಲ. ಬೇಟೆ ಲೈಸೆನ್ಸ್ ಮತ್ತು ಜಮೀನಿನ ಯಜಮಾನರ ಒಪ್ಪಿಗೆ ಇದ್ದರಾಯಿತು. ತಳಕಿನಲ್ಲಿ ಏಳು ವರ್ಷದ ಜೈಲು, ಟೆಕ್ಸಾಸ್‌ನಲ್ಲಿ ದುಡ್ಡು ಕೊಟ್ಟು ಆಡುವ ಆಟ. ಪ್ರಾಣಿ ಒಂದೇ.

ಆದರೆ ಕ್ಯಾಲಿಬರ್‌ಗಿಂತ ಮೊದಲು ನಿಮ್ಮ ವೀಸಾ. ಎಚ್-1ಬಿ ವಲಸೆಯೇತರ ವೀಸಾ. ಅಂಥವರು ಬಂದೂಕಾಗಲಿ ತೋಟಾ ಆಗಲಿ ಇಟ್ಟುಕೊಳ್ಳುವುದು ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಅಲ್ಲಿನ ಯಾವುದಾದರೂ ರಾಜ್ಯದ ಊರ್ಜಿತ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಅಂದರೆ ಗೆಳೆಯನ ರೈಫಲ್ ಕೈಗೆ ತಗೊಳ್ಳುವ ಮೊದಲೇ ನಿಮ್ಮ ಜೇಬಿನಲ್ಲಿ ಲೈಸೆನ್ಸ್ ಇರಬೇಕು, ಅದರ ಅವಧಿ ಮುಗಿದಿರಬಾರದು. ಟೆಕ್ಸಾಸ್‌ನಲ್ಲಿ 1971ರ ಸೆಪ್ಟೆಂಬರ್ 2ರಿಂದೀಚೆಗೆ ಹುಟ್ಟಿದವರು ಬೇಟೆ ಶಿಕ್ಷಣದ ಕೋರ್ಸ್ ಮಾಡಲೇಬೇಕು. ಆನ್‌ಲೈನ್ ಇದೆ ಅಂತ ಅದರಲ್ಲೇ ಮುಗಿಸಬೇಡಿ. ರೇಂಜಿಗೆ ಹೋಗಿ ಕೈಯಲ್ಲಿ ಹಿಡಿಸಿ ಕಲಿಸುವ ಕಡೆ ಸೇರಿ. ಊರಲ್ಲಿ ಬಂದೂಕನ್ನು ಬ್ಯಾಂಕಿನ ಗಾರ್ಡ್ ಹೆಗಲ ಮೇಲಷ್ಟೇ ನೋಡಿದವರು ನೀವು.

ಈಗ ಗುಂಡಿನ ಮಾತು. ಕ್ಯಾಲಿಬರ್ ಅಂದರೆ ಸ್ಥೂಲವಾಗಿ ನಳಿಗೆಯ ಒಳಗಿನ ಅಗಲ, ಇಂಚಿನಲ್ಲಿ. .30 ಅಂದರೆ 7.62 ಮಿ.ಮೀ. ಅದರ ಮುಂದಿನ 06 ಎಂಬುದು 1906ನೇ ಇಸವಿ, ಅಮೆರಿಕದ ಸೈನ್ಯ ಆ ತೋಟಾವನ್ನು ಒಪ್ಪಿಕೊಂಡ ವರ್ಷ. ಟೆಕ್ಸಾಸ್‌ನ ಬಿಳಿಬಾಲದ ಗಂಡು ಜಿಂಕೆ ಅರವತ್ತು ಕಿಲೋ ಆಸುಪಾಸು, ಕೃಷ್ಣಮೃಗ ಅದಕ್ಕೂ ಸಣ್ಣದು, ನಲವತ್ತರ ಹತ್ತಿರ. ಇವಕ್ಕೆ .243 ವಿಂಚೆಸ್ಟರ್ ಧಾರಾಳ. ಆರೂವರೆ ಗ್ರಾಂ ಗುಂಡು, ಸೆಕೆಂಡಿಗೆ 900 ಮೀಟರ್, ನಳಿಗೆಯ ಬಾಯಲ್ಲಿ ಸುಮಾರು 2,600 ಜೌಲ್ ಶಕ್ತಿ. ಆದರೆ ಗಂಡು ಎಲ್ಕ್ ಮುನ್ನೂರು ಕಿಲೋ ದಾಟುವ ಪ್ರಾಣಿ, ಹೆಗಲ ಮೂಳೆ ದಪ್ಪ. ಕೊಲರಾಡೊ ಕಾನೂನು ಜಿಂಕೆಗೂ ಎಲ್ಕ್‌ಗೂ ಕನಿಷ್ಠ .24 ಕ್ಯಾಲಿಬರ್ ಕೇಳುತ್ತದೆ. ಗುಂಡು ಜಿಂಕೆಗೆ ಕನಿಷ್ಠ 70 ಗ್ರೇನ್, ಎಲ್ಕ್‌ಗೆ 85 ಗ್ರೇನ್ ಇರಬೇಕು, ನೂರು ಗಜ ಹೋದ ಮೇಲೂ ಸಾವಿರ ಅಡಿ-ಪೌಂಡ್ ಶಕ್ತಿ ಉಳಿದಿರಬೇಕು. ಕಾಗದದ ಮೇಲೆ .243 ಇಷ್ಟನ್ನೂ ಪಾಸಾಗುತ್ತದೆ. ಪಾಸ್ ಆಗುವುದೇ ಬೇರೆ, ಸಾಕಾಗುವುದೇ ಬೇರೆ. ಎಲ್ಕ್ ನಿಮಗೆ ಓರೆಯಾಗಿ ನಿಂತಾಗ ಹಗುರ ಗುಂಡು ಮೂಳೆಯಲ್ಲೇ ಒಡೆದು ಉಳಿಯುತ್ತದೆ, ಪ್ರಾಣಿ ಗಾಯ ಹೊತ್ತು ಬೆಟ್ಟ ದಾಟುತ್ತದೆ.

ಎರಡಕ್ಕೂ ಒಂದೇ ಬೇಕಾದರೆ .308 ವಿಂಚೆಸ್ಟರ್, .30-06 ಇವೆರಡರಲ್ಲಿ ಒಂದು. .308 ಸುಮಾರು 3,600 ಜೌಲ್, .30-06 ಭಾರದ ಗುಂಡಿನಲ್ಲಿ 3,900. ಅಂಗಡಿಯವರು .300 ವಿಂಚೆಸ್ಟರ್ ಮ್ಯಾಗ್ನಮ್ ಹೊಗಳುತ್ತಾರೆ, ಆಫೀಸಿನ ಗೆಳೆಯರು ಇನ್ನೂ ಹೊಗಳುತ್ತಾರೆ. ಕಿವಿಗೊಡಬೇಡಿ. ಮ್ಯಾಗ್ನಮ್ ಒದ್ದರೆ ಹೊಸಬರ ಭುಜ ನೆನಪಿಟ್ಟುಕೊಳ್ಳುತ್ತದೆ. ಮುಂದಿನ ಸಲ ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತದೆ, ಮೈ ಹಿಂದೆ ಸರಿಯುತ್ತದೆ, ಗುಂಡು ಹೊಟ್ಟೆಗೆ ಬೀಳುತ್ತದೆ. ಹೊಟ್ಟೆಗೆ ಬಿದ್ದ ಮ್ಯಾಗ್ನಮ್‌ಗಿಂತ ಮುಂಗಾಲಿನ ಹಿಂದೆ, ಎದೆಯ ಕೆಳಗಿನ ಮೂರನೇ ಒಂದು ಪಾಲಿನಲ್ಲಿ, ಹೃದಯ ಶ್ವಾಸಕೋಶಕ್ಕೆ ಬಿದ್ದ .308 ಎಷ್ಟೋ ಮೇಲು. ನನ್ನ ಮತ .308ಕ್ಕೆ. ರೈಫಲ್‌ನಲ್ಲಿ ಉಳಿಸಿದ ದುಡ್ಡನ್ನು ಅಭ್ಯಾಸದ ತೋಟಾಗಳಿಗೂ ಒಳ್ಳೆಯ ಗುಂಡಿಗೂ ಹಾಕಿ. ಜಿಂಕೆಗೆ 150 ಗ್ರೇನ್ ಸಾಮಾನ್ಯ ಮೆತ್ತನೆ ಮೂತಿಯ ಗುಂಡು ಸಾಕು. ಎಲ್ಕ್‌ಗೆ 165 ಅಥವಾ 180 ಗ್ರೇನಿನ, ಒಳಗೆ ಒಡೆದು ಚೂರಾಗದೆ ಒಟ್ಟಾಗಿ ಉಳಿಯುವ ಜಾತಿಯದು ತಗೊಳ್ಳಿ. ರೈಫಲ್ ಒಂದೇ ಆದರೂ ಗುಂಡು ಬದಲಾದರೆ ಬೀಳುವ ಜಾಗವೂ ಬದಲಾಗುತ್ತದೆ, ಕೊಲರಾಡೊಗೆ ಹೋಗುವ ಮೊದಲು ಹೊಸ ಗುಂಡಿಗೆ ದುರ್ಬೀನು ಹೊಂದಿಸಿಕೊಳ್ಳಲು ಮರೆಯಬೇಡಿ. ಮೂರು ಸಲ ಕೂತು, ಮೂರು ಸಲ ಮೊಣಕಾಲೂರಿ ನೂರು ಗಜದಲ್ಲಿ ಹೊಡೆದ ಆರೂ ಗುಂಡು ಊಟದ ತಟ್ಟೆಯಷ್ಟು ಅಗಲದೊಳಗೆ ಬೀಳದಿದ್ದರೆ ಈ ಚಳಿಗಾಲ ಹೋಗಿ ಕಾಫಿ ಕುಡಿದು ಬನ್ನಿ, ಹೊಡೆಯಬೇಡಿ.

ನಮ್ಮ ನೀಲಗಾಯ್ ಕೂಡ ಅಲ್ಲಿದೆ ಗೊತ್ತೇ? ದಕ್ಷಿಣ ಟೆಕ್ಸಾಸ್‌ನ ಕಿಂಗ್ ರ‍್ಯಾಂಚ್‌ನಲ್ಲಿ 1930ರ ಆಸುಪಾಸಿನಲ್ಲಿ ಬಿಟ್ಟದ್ದು ಹಬ್ಬಿಕೊಂಡಿದೆ. ಅದು ಮೊಂಡು ಪ್ರಾಣಿ, ಗುಂಡು ತಿಂದೂ ಓಡುತ್ತದೆ. ಅದಕ್ಕೆ ಮಾತ್ರ ಮ್ಯಾಗ್ನಮ್‌ನವರ ವಾದ ಒಪ್ಪುತ್ತೇನೆ.

ಕೊನೆಯದಾಗಿ, ಕೃಷ್ಣಮೃಗದ ಕೊಂಬನ್ನು ಊರಿಗೆ ತರುವ ಯೋಚನೆ ಇದ್ದರೆ ಅಲ್ಲೇ ಬಿಡಿ. ಮೊದಲನೇ ಪಟ್ಟಿಯ ಪ್ರಾಣಿಯ ಕೊಂಬು ಕಾಗದವಿಲ್ಲದೆ ಇಲ್ಲಿ ಮನೆಯಲ್ಲಿದ್ದರೇ ಕೇಸು. ಗೋಡೆಯ ಮೇಲಿರುವುದು ಟೆಕ್ಸಾಸಿನದೋ ತಳಕಿನದೋ ಎಂದು ಕೊಂಬೇನೂ ಬಾಯಿ ಬಿಡುವುದಿಲ್ಲ.

ಪ್ರಶ್ನೆ: ನಮ್ಮ ತಾತನ ಹತ್ತಿರ .315 ರೈಫಲ್ ಇತ್ತು. ಈ ವಿಚಿತ್ರ ನಂಬರು ಎಲ್ಲಿಂದ ಬಂತು? ನಮ್ಮ ಬೆಟ್ಟದ ಕರಡಿಗೆ ಅದು ಸಾಲುತ್ತಿತ್ತೇ? ರೈಫಲ್ ಎಂದೋ ಹೋಯಿತು, ಅವರ ಕಾಲದ ಜಿಂಕೆ ಕೊಂಬು ಪಡಸಾಲೆಯಲ್ಲಿದೆ. — ರೇಷ್ಮೆ ನೇಯ್ಗೆಯವರು, ಮೊಳಕಾಲ್ಮೂರು

ಉತ್ತರ: ನಂಬರಿನ ಹಿಂದೆ ಇರುವುದು ಬ್ರಿಟಿಷರ ಭಯ. ಸೈನ್ಯದ ತೋಟಾ ಜನರ ಕೈಗೆ ಸಿಕ್ಕರೆ ಕಷ್ಟ ಎಂದು ಅವರು .303ರಂಥ ಸೈನಿಕ ಬೋರುಗಳನ್ನು ಇಲ್ಲಿನ ಖಾಸಗಿಯವರಿಗೆ ನಿಷೇಧಿಸಿದ್ದರು. 1907ರಲ್ಲಿ .450 ಬೋರನ್ನೂ ನಿಲ್ಲಿಸಿದರು. ಲಂಡನ್ನಿನ ಬಂದೂಕು ತಯಾರಕರು ಅದಕ್ಕೆ ಬಾಗಿಲು ಮುಚ್ಚಿಕೊಂಡು ಅಳಲಿಲ್ಲ, .465, .470, .475 ಎಂದು ಅಂಕಿ ಬದಲಿಸಿ ಹೊಸ ಆನೆ ಬಂದೂಕುಗಳನ್ನು ಮಾಡಿ ಮತ್ತೆ ಇಲ್ಲಿಗೇ ಮಾರಿದರು. ಸಾಧಾರಣ ಬೇಟೆಗೆ ಬಂದ ಪರ್ಯಾಯವೇ .315. ಅದು ಆಸ್ಟ್ರಿಯಾ-ಹಂಗೇರಿ ಸೈನ್ಯದ ಹಳೆಯ 8 ಮಿ.ಮೀ. ಮ್ಯಾನ್ಲಿಚರ್ ತೋಟಾ. ಬ್ರಿಟಿಷ್ ಭಾರತದಲ್ಲಿ ಯಾವ ಸೈನಿಕನೂ ಬಳಸದ ಬೋರು, ಹಾಗಾಗಿ ಅಪಾಯವಿಲ್ಲ ಎಂದು ಅನುಮತಿ ಸಿಕ್ಕಿತು. ಸ್ವಾತಂತ್ರ್ಯದ ಮೇಲೂ ಸೈನಿಕ ಬೋರುಗಳ ನಿಷೇಧ ಉಳಿಯಿತು, ಇಷಾಪುರದ ಸರ್ಕಾರಿ ಕಾರ್ಖಾನೆ .315 ರೈಫಲ್ ಮಾಡುತ್ತಲೇ ಬಂತು. ಆಸ್ಟ್ರಿಯಾದಲ್ಲಿ ಮ್ಯೂಸಿಯಂ ಸೇರಿದ ತೋಟಾ ಇಲ್ಲಿ ಇಂದಿಗೂ ಬ್ಯಾಂಕ್ ಗಾರ್ಡ್‌ಗಳ ಹೆಗಲ ಮೇಲೆ ಬದುಕಿದೆ.

ಕರಡಿಗೆ ಸಾಲುತ್ತಿತ್ತು, ಹತ್ತಿರದಿಂದ ಸರಿಯಾದ ಜಾಗಕ್ಕೆ ಬಿದ್ದರೆ. ಕೆನೆತ್ ಆಂಡರ್ಸನ್ ತಮ್ಮ .405 ವಿಂಚೆಸ್ಟರ್ ಹಿಡಿದು ಮೈಸೂರು ಸೀಮೆಯೆಲ್ಲ ತಿರುಗಿದವರು. ಅರಸೀಕೆರೆ ಕಡೆ ಜನರನ್ನು ಕೊಂದ ಕರಡಿಯೊಂದರ ಬೆನ್ನು ಹತ್ತಿದ ಕತೆಯನ್ನು ಅವರೇ ಬರೆದಿದ್ದಾರೆ. ತೇಜಸ್ವಿಯವರು ಅವರ ಹಲವು ಕತೆಗಳನ್ನು ಕನ್ನಡಕ್ಕೆ ತಂದ ಮೇಲೆ ನಮ್ಮಲ್ಲಿ ಬಂದೂಕು ಮುಟ್ಟದವರಿಗೂ ಈ ಬೋರುಗಳ ಹೆಸರು ಬಾಯಿಪಾಠ. ಆದರೆ ಕರಡಿಯ ಮೈಮೇಲಿನ ಜೂಲು ನೋಡುವವನನ್ನು ಮೋಸಗೊಳಿಸುತ್ತದೆ. ಕಣ್ಣಿಗೆ ಕಾಣುವ ಗಾತ್ರದಲ್ಲಿ ಅರ್ಧ ಬರೀ ಕೂದಲು, ಗುಂಡು ಅದರೊಳಗೆ ಹಾದು ಹೋಗಿರುತ್ತದೆ. ಈಗ ಅದೂ ಮೊದಲನೇ ಪಟ್ಟಿಯ ಪ್ರಾಣಿ. ಮೈಮೇಲೆ ಬಿದ್ದಾಗ ಪ್ರಾಣ ಉಳಿಸಿಕೊಳ್ಳಲು ಹೊಡೆದದ್ದು ಅಪರಾಧವಲ್ಲ ಎಂದು ಕಾಯ್ದೆಯೇ ಹೇಳುತ್ತದೆ, ಹುಡುಕಿಕೊಂಡು ಹೋಗಿ ಹೊಡೆದದ್ದು ಹಾಗಲ್ಲ. ಸೀತಾಫಲಕ್ಕೆ ಬೆಟ್ಟ ಹತ್ತುವವರು ಮುಂಜಾನೆ, ಮುಸ್ಸಂಜೆ ಬಿಟ್ಟು, ಗಟ್ಟಿಯಾಗಿ ಮಾತಾಡುತ್ತ ಗುಂಪಾಗಿ ಹೋಗಿ. ಎದುರಾದ ಕರಡಿಗಿಂತ ಬೆಚ್ಚಿಬಿದ್ದ ಕರಡಿ ಕೆಟ್ಟದ್ದು.

ಕೊಂಬಿನ ವಿಚಾರ ಹಗುರ ಮಾಡಬೇಡಿ. "ತಾತನ ಕಾಲದ್ದು" ಎಂಬುದು ದಾಖಲೆಯಲ್ಲ. ಹಳೆಯ ಕೊಂಬು, ಚರ್ಮಗಳನ್ನು ಘೋಷಿಸಲು 2003ರ ಏಪ್ರಿಲ್‌ನಿಂದ 180 ದಿನ ಅವಕಾಶ ಕೊಟ್ಟಿದ್ದರು. ಆಗ ಘೋಷಿಸಿ ಮಾಲೀಕತ್ವದ ಪ್ರಮಾಣಪತ್ರ ಪಡೆದಿದ್ದರೆ ಅದನ್ನು ಹುಡುಕಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ಒಬ್ಬ ವಕೀಲರನ್ನು ಕಂಡು, ಅವರ ಮೂಲಕ ಅರಣ್ಯ ಇಲಾಖೆಗೆ ಒಪ್ಪಿಸುವುದು ಕ್ಷೇಮ. 2023ರ ಅಕ್ಟೋಬರ್‌ನಲ್ಲಿ ಹುಲಿಯುಗುರಿನ ಲಾಕೆಟ್ಟಿಗಾಗಿ ರಾಜ್ಯವೆಲ್ಲ ಎದ್ದ ಗಲಾಟೆ ನೆನಪಿದೆಯಲ್ಲ? ಪಡಸಾಲೆಯ ಫೋಟೊ ಮೊಮ್ಮಕ್ಕಳ ಮೊಬೈಲಿನಿಂದ ಎಲ್ಲಿಗೆ ಹೋಗುತ್ತದೋ ಯಾರಿಗೆ ಗೊತ್ತು.

ಪ್ರಶ್ನೆ: ನಾನು ಮ್ಯಾಸ ನಾಯಕರ ಹಟ್ಟಿಯ ಹುಡುಗ, ಡಿಗ್ರಿ ಓದುತ್ತಿದ್ದೇನೆ. ಹಬ್ಬಕ್ಕೆ ಬೇಟೆ ಆಡುವುದು ನಮ್ಮ ಹಿರಿಯರಿಂದ ಬಂದದ್ದು. ಮೊಲ ಹೊಡೆದರೂ ಕೇಸು ಅಂತಾರೆ. ಕೊಡಗಿನವರು ಲೈಸೆನ್ಸ್ ಇಲ್ಲದೆ ಕೋವಿ ಇಡಬಹುದು, ಕಾಸರಗೋಡಿನಲ್ಲಿ ಹಂದಿ ಹೊಡೆಯಬಹುದು. ನಮಗೆ ಮಾತ್ರ ಯಾಕಿಲ್ಲ ಸಾರ್?

ಉತ್ತರ: ತಮ್ಮಾ, ನೀನು ಕೇಳಿದ್ದು ನ್ಯಾಯವಾದ ಪ್ರಶ್ನೆ, ಉತ್ತರ ಮಾತ್ರ ನಿನಗೆ ಹಿತವಾಗಲಿಕ್ಕಿಲ್ಲ. ಮೊಲವೂ ಪಟ್ಟಿಯಲ್ಲಿದೆ. 1972ರ ಕಾಯ್ದೆ ಬುಡಕಟ್ಟಿನವರ ಬೇಟೆಯ ಹಕ್ಕನ್ನು ಉಳಿಸಿದ್ದು ಒಂದೇ ಕಡೆ, ನಿಕೋಬಾರ್ ದ್ವೀಪಗಳಲ್ಲಿ. 2006ರ ಅರಣ್ಯ ಹಕ್ಕು ಕಾಯ್ದೆ ಹಿಂದಿನಿಂದ ಬಂದ ಎಷ್ಟೋ ಹಕ್ಕುಗಳನ್ನು ಒಪ್ಪಿದರೂ ಬೇಟೆಯನ್ನು ಹೆಸರು ಹಿಡಿದು ಹೊರಗಿಟ್ಟಿದೆ. ಮೂಲ ಕಾಯ್ದೆಯಲ್ಲಿ ಲೈಸೆನ್ಸ್ ಪಡೆದು ಕೆಲವು ಪ್ರಾಣಿಗಳನ್ನು ಹೊಡೆಯುವ ಅವಕಾಶವಿತ್ತು, 1991ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ನಿಮ್ಮ ಅಜ್ಜ ಆಡಿದ ಬೇಟೆ ಅವರ ಕಾಲಕ್ಕೆ ತಪ್ಪಾಗಿರದಿದ್ದರೆ ಅದಕ್ಕೆ ಕಾರಣ ಇದೇ.

ಕೊಡಗಿನ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಬೇಟೆಗಲ್ಲ. ಬ್ರಿಟಿಷರ ಕಾಲದಿಂದ ಬಂದದ್ದನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ಕೇರಳದಲ್ಲಿ 2022ರಿಂದ ಪಂಚಾಯ್ತಿ ಅಧ್ಯಕ್ಷರಿಗೆ ಬೆಳೆಹಾನಿ ಮಾಡುವ ಹಂದಿ ಹೊಡೆಸುವ ಅಧಿಕಾರ ಕೊಟ್ಟಿದ್ದಾರೆ. ಹೊಡೆಯುವವರು ಪಟ್ಟಿಯಲ್ಲಿರುವ ಲೈಸೆನ್ಸ್‌ದಾರರೇ ಆಗಿರಬೇಕು, ಸತ್ತ ಹಂದಿಯನ್ನು ಹೂಳಬೇಕು, ತಿನ್ನುವ ಹಾಗಿಲ್ಲ. ಅಂಥ ಏರ್ಪಾಡು ಚಿತ್ರದುರ್ಗ ಜಿಲ್ಲೆಗೂ ಬೇಕು ಎಂದು ನಿಮ್ಮ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ನನ್ನ ಬೆಂಬಲ ಇದೆ.

ನೀನು ಇತಿಹಾಸ ಓದುವ ಹುಡುಗನಾದರೆ ಒಂದು ಮಾತು. ನಿಮ್ಮ ತಾಲ್ಲೂಕಿನ ಪಕ್ಕದಲ್ಲೇ, ಮೊಳಕಾಲ್ಮೂರಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದದ್ದು. ತಂದೆತಾಯಿಯರ ಮಾತು ಕೇಳಬೇಕು, ಗುರುವನ್ನು ಗೌರವಿಸಬೇಕು ಎನ್ನುವ ಸಾಲಿನಲ್ಲೇ ಪ್ರಾಣಿಗಳ ಮೇಲೆ ದಯೆ ಇರಬೇಕು ಎಂಬುದೂ ಅಲ್ಲಿದೆ. ಪ್ರಾಣಿಗಳಿಗೆ ದಯೆ ತೋರಿಸಿ ಎನ್ನುವ ಸರ್ಕಾರಿ ಫರ್ಮಾನು ನಿಮ್ಮ ಸೀಮೆಗೆ ಹೊಸದೇನಲ್ಲ. ಆಗಿನವರು ಎಷ್ಟು ಕೇಳಿದರೋ ಅದು ಬೇರೆ.

ಪ್ರಶ್ನೆ: ಬಂದೂಕಿನ ರಗಳೆ ಯಾಕೆ? ಹಂದಿಗೆ ಸಿಡಿಮದ್ದಿನ ಉಂಡೆ ಇಟ್ಟರೆ, ಇಲ್ಲ ಬೇಲಿಗೆ ಲೈನಿನಿಂದ ಕರೆಂಟ್ ಕೊಟ್ಟರೆ ಅಗ್ಗವಲ್ಲವೇ? — ಪರಶುರಾಂಪುರ

ಉತ್ತರ: ಉಂಡೆಯನ್ನು ಹಂದಿಗಿಂತ ಮೊದಲು ನಿಮ್ಮದೇ ಹಸು ಕಚ್ಚುತ್ತದೆ. ದವಡೆ ಹಾರಿಹೋದ ಹಸು ತಿನ್ನಲಾರದೆ ಕುಡಿಯಲಾರದೆ ದಿನಗಟ್ಟಲೆ ನಿಂತು ಸಾಯುತ್ತದೆ. ಲೈನಿನ ಕರೆಂಟು ಬೆಳಗಿನ ಜಾವ ನೀರು ಕಟ್ಟಲು ಬಂದವರನ್ನು ಕೊಲ್ಲುತ್ತದೆ, ನೀವು ನರಹತ್ಯೆಯ ಕೇಸಿನಲ್ಲಿ ಒಳಗೆ ಹೋಗುತ್ತೀರಿ. ಸೋಲಾರ್ ಬೇಲಿಯ ಯಂತ್ರ ಕ್ಷಣದ ಒಂದು ತುಣುಕಿನಷ್ಟು ಹೊತ್ತು ಮಾತ್ರ ಹೊಡೆತ ಕೊಟ್ಟು ಬಿಡುತ್ತದೆ, ಲೈನು ಬಿಡುವುದಿಲ್ಲ. ಇಷ್ಟು ಸಾಕು.

ಪ್ರಶ್ನೆ: ನಮ್ಮ ಯಜಮಾನರು ತೀರಿಕೊಂಡು ವರ್ಷವಾಗುತ್ತ ಬಂತು. ಅವರ ಹೆಸರಿನ ಮದ್ದು ತುಂಬುವ ಕೋವಿ ಅಟ್ಟದ ಮೇಲಿದೆ. ಪ್ರತಿ ಎಲೆಕ್ಷನ್‌ಗೂ ಅವರೇ ಠಾಣೆಗೆ ಒಯ್ದು ಇಟ್ಟು ತರುತ್ತಿದ್ದರು. ಈಗ ಏನು ಮಾಡಬೇಕು? ಮಗನಿಗೆ ಮಾಡಿಸಬಹುದೇ? — ಗೃಹಿಣಿ, ರಾಂಪುರ, ಮೊಳಕಾಲ್ಮೂರು ತಾಲ್ಲೂಕು

ಉತ್ತರ: ಅಮ್ಮಾ, ಎಲೆಕ್ಷನ್‌ವರೆಗೆ ಕಾಯಬೇಡಿ. ಲೈಸೆನ್ಸ್ ಅವರ ಹೆಸರಿನಲ್ಲಿತ್ತು. ಅವರು ಹೋದ ಮೇಲೆ ಕೋವಿ ನಿಮ್ಮ ಮನೆಯಲ್ಲಿ ಲೈಸೆನ್ಸ್ ಇಲ್ಲದ ಆಯುಧ. 2019ರ ತಿದ್ದುಪಡಿಯ ಬಳಿಕ ಅದಕ್ಕೆ ಶಿಕ್ಷೆ ಎರಡರಿಂದ ಐದು ವರ್ಷ. ನಿಮ್ಮಂಥವರನ್ನು ಯಾರೂ ಜೈಲಿಗೆ ಹಾಕಲು ಕಾದಿಲ್ಲ, ಆದರೆ ಕಾಗದ ಕಾಗದವೇ. ಅನಗತ್ಯ ತಡವಿಲ್ಲದೆ ಹತ್ತಿರದ ಠಾಣೆಗೋ ಪರವಾನಗಿ ಇರುವ ಬಂದೂಕು ಅಂಗಡಿಗೋ ಒಪ್ಪಿಸಬೇಕು ಎಂದು ಕಾಯ್ದೆಯಲ್ಲಿದೆ. ಮರಣ ಪ್ರಮಾಣಪತ್ರದ ನಕಲು ಮತ್ತು ಹಳೇ ಲೈಸೆನ್ಸ್ ಪುಸ್ತಕ ತಗೊಂಡು ಹೋಗಿ, ತಡವಾದದ್ದಕ್ಕೆ ಕಾರಣವನ್ನು ಒಂದು ಹಾಳೆಯಲ್ಲಿ ಬರೆದುಕೊಡಿ.

ಮಗನಿಗೆ ಮಾಡಿಸಬಹುದು. ಲೈಸೆನ್ಸ್‌ದಾರರು ತೀರಿಕೊಂಡಾಗ ವಾರಸುದಾರರಿಗೆ ಕೊಡುವ ನಿಯಮ 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿದೆ. ಉಳಿದ ವಾರಸುದಾರರು, ಅಂದರೆ ನೀವು ಮತ್ತು ಇತರ ಮಕ್ಕಳು, ಆಕ್ಷೇಪಣೆ ಇಲ್ಲವೆಂದು ಬರೆದುಕೊಡಬೇಕಾಗುತ್ತದೆ. ಮಗನಿಗೆ 21 ತುಂಬಿರಬೇಕು, ಪೊಲೀಸ್ ವರದಿ ಆಗಬೇಕು. ಅವನು ಹೊಲದಲ್ಲಿ ಇರುವವನೇ, ಬೆಂಗಳೂರಿನಲ್ಲಿ ಇರುವವನೇ ಎಂದು ನೋಡಿ ಯೋಚಿಸಿ. ಊರಲ್ಲಿರದ ಮಗನಿಗೆ ಕೋವಿ ಮಾಡಿಸಿದರೆ ಎಲೆಕ್ಷನ್ನಿಗೊಮ್ಮೆ ಅದನ್ನು ಹೊತ್ತು ಠಾಣೆಗೆ ನಡೆಯುವವರು ನೀವೇ.

ಒಯ್ಯುವ ಮೊದಲು ಒಂದು ಎಚ್ಚರಿಕೆ. ಮದ್ದಿನ ಕೋವಿಯನ್ನು ತುಂಬಿಯೇ ಅಟ್ಟಕ್ಕೆ ಏರಿಸುವ ರೂಢಿ ನಮ್ಮ ಕಡೆ ಇದೆ, ಎಷ್ಟು ವರ್ಷವಾದರೂ ಕಪ್ಪು ಮದ್ದು ಸಾಯುವುದಿಲ್ಲ. ನೀವೂ ಮಗನೂ ಅದನ್ನು ಬಿಚ್ಚಲು, ಕೇಪು ತೆಗೆಯಲು ಹೋಗಬೇಡಿ, ಅಟ್ಟದಿಂದ ಇಳಿಸುವುದೂ ಬೇಡ. ಠಾಣೆಗೆ ಹೋಗಿ "ತುಂಬಿರಬಹುದು" ಎಂದು ಹೇಳಿದರೆ ಗೊತ್ತಿರುವವರನ್ನು ಕಳಿಸುತ್ತಾರೆ. ಡಬ್ಬಿಯಲ್ಲಿ ಉಳಿದ ಮದ್ದು, ಕೇಪು, ಚರೆ ಇದ್ದರೆ ಒಲೆಗೂ ತಿಪ್ಪೆಗೂ ಹಾಕದೆ ಅದನ್ನೂ ಅವರಿಗೇ ಕೊಡಿ. ರಸೀದಿ ಬರೆಯುವಾಗ ಕೋವಿಯ ಮೇಲಿನ ನಂಬರು ಲೈಸೆನ್ಸ್ ಪುಸ್ತಕದ ನಂಬರಿಗೆ ತಾಳೆಯಾಗುತ್ತದೆಯೇ ಎಂದು ಪಕ್ಕದಲ್ಲಿ ನಿಂತು ನೋಡಿ, ಆಮೇಲೆ ಸಹಿ ಹಾಕಿ.